ನಾಯಿ ಇರುವ ಮನೆಗೆ ಬೆಕ್ಕನ್ನು ತರುವಾಗ

ಅರಸೀಕೆರೆ ಸೀಮೆಯ ತೋಟದ ಮನೆಗಳಲ್ಲಿ ಅಟ್ಟವೆಂಬುದು ಬೊಕ್ಕಸವಿದ್ದಂತೆ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವವರೆಗೆ 8ರಿಂದ 12 ತಿಂಗಳು ಕಾಯಬೇಕು. ಅಷ್ಟು ಕಾಲವೂ ಆ ಸಂಪತ್ತಿಗೆ ಕಣ್ಣು ಹಾಕಿ ಕುಳಿತಿರುವುದು ಇಲಿ. ಹಳೇಬೀಡಿನ ಕಡೆ ಮುಸುಕಿನ ಜೋಳದ ಚೀಲಕ್ಕೂ, ಬೇಲೂರಿನ ಕಡೆ ಭತ್ತದ ಮೂಟೆಗೂ ಇದೇ ಗತಿ. ಆದಕಾರಣ ‘ಒಂದು ಬೆಕ್ಕನ್ನು ತರೋಣ’ ಎಂಬ ಮಾತು ಮನೆಯ ಹಿರಿಯರ ಬಾಯಿಂದ ಬರುವುದು ಸಹಜವೇ ಆಗಿದೆ. ಆದರೆ ಅದೇ ಮನೆಯ ಅಂಗಳದಲ್ಲಿ ನಾಯಿಯೊಂದು ಮೊದಲೇ ಇರುವುದುಂಟು.

ಹಿಂದೆ ನಾಯಿ ಅಂಗಳದಲ್ಲಿ, ಬೆಕ್ಕು ಅಡುಗೆಮನೆಯಲ್ಲಿ ಎಂದು ಎಲ್ಲೆಗಳು ತಾವಾಗಿಯೇ ಏರ್ಪಟ್ಟಿದ್ದವು. ಈಗ ಹಾಗಿಲ್ಲ. ಅರಸೀಕೆರೆ ತಾಲ್ಲೂಕಿನ ಕುರುಚಲು ಗುಡ್ಡಗಳಲ್ಲಿ ಚಿರತೆಗಳಿವೆ. ನಾಯಿಯೆಂದರೆ ಅವಕ್ಕೆ ಸುಲಭದ ಬೇಟೆ. ಇದರಿಂದ ಅನೇಕ ಗೃಹಸ್ಥರು ಕತ್ತಲಾಗುತ್ತಲೇ ನಾಯಿಯನ್ನು ಒಳಗೆ ಕರೆದು ಬಾಗಿಲು ಹಾಕಿಕೊಳ್ಳುತ್ತಾರೆ. ಅಂದರೆ ರಾತ್ರಿಯೆಲ್ಲ ಎರಡೂ ಜೀವಗಳು ಒಂದೇ ಸೂರಿನಡಿ ಕಳೆಯಬೇಕು. ಅವೆರಡಕ್ಕೆ ಹೊಂದಿಕೆಯಾಗದಿದ್ದರೆ ಪ್ರಾಣಹಾನಿಯಾಗುವುದು ಬೆಕ್ಕಿಗೆ. ಕಣ್ಣಿಗೆ ಉಗುರು ತಗುಲಿ ಕುರುಡಾಗುವ ಭಯ ನಾಯಿಗೂ ಇಲ್ಲದಿಲ್ಲ.

ಬೆಕ್ಕನ್ನು ಆರಿಸುವ ಮೊದಲು ನಾಯಿಯನ್ನೇ ಪರೀಕ್ಷಿಸಬೇಕು. ಅದು ಕೋಳಿಯನ್ನು, ಅಳಿಲನ್ನು ಕಂಡಾಗ ಏನು ಮಾಡುತ್ತದೆ? ಒಮ್ಮೆ ಬೊಗಳಿ, ಕರೆದೊಡನೆ ತಿರುಗಿ ಬರುವ ನಾಯಿಯಾದರೆ ಭರವಸೆಯುಂಟು. ಸದ್ದಿಲ್ಲದೆ ಮೈ ತಗ್ಗಿಸಿ, ದೃಷ್ಟಿ ಕದಲಿಸದೆ ಮುನ್ನುಗ್ಗುವ ನಾಯಿಯಾದರೆ, ಈಗಾಗಲೇ ಕೋಳಿಯನ್ನೋ ಬೆಕ್ಕನ್ನೋ ಕೊಂದಿರುವ ನಾಯಿಯಾದರೆ, ಬೆಕ್ಕಿನ ವಿಚಾರವನ್ನೇ ಕೈಬಿಡುವುದು ಲೇಸು. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿಯನ್ನು ಸಾಕಿರುವವರಂತೂ ವಿಶೇಷವಾಗಿ ಎಚ್ಚರದಿಂದಿರಬೇಕು. ಓಡುವ ಚಿಕ್ಕ ಪ್ರಾಣಿಯನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟಿಸಿಕೊಂಡು ಹೋಗುವುದಕ್ಕೆಂದೇ ತಲೆತಲಾಂತರದಿಂದ ಬೆಳೆಸಿದ ತಳಿಯದು.

ಇನ್ನು ಬೆಕ್ಕು ಎಂಥದಿರಬೇಕು? ಮುದ್ದಾಗಿರುವುದೆಂದು ಅಂಗೈಯಗಲದ ಮರಿಯನ್ನು ದೊಡ್ಡ ನಾಯಿಯ ಮುಂದೆ ತಂದು ಬಿಡುವುದು ಸರ್ವಥಾ ಸಲ್ಲದು. ನಾಯಿ ಆಟಕ್ಕೆಂದು ಪಂಜ ಇಟ್ಟರೂ ಮರಿಯ ಬೆನ್ನೆಲುಬು ಮುರಿದೀತು. ಮೊದಲೇ ನಾಯಿಯಿರುವ ಮನೆಯಲ್ಲಿ ಬೆಳೆದ, ಒಂದು ವರ್ಷ ದಾಟಿದ ಶಾಂತಸ್ವಭಾವದ ಬೆಕ್ಕು ದೊರೆತರೆ ಅದಕ್ಕಿಂತ ಉತ್ತಮವಾದುದು ಬೇರಿಲ್ಲ. ಮರಿಯೇ ಬೇಕೆಂದಾದರೆ ಅದು ಹುಟ್ಟಿದ ಮನೆಯನ್ನು ವಿಚಾರಿಸಿರಿ. ಬೆಕ್ಕಿನ ಮರಿ ಲೋಕದ ಪರಿಚಯವನ್ನು ಮಾಡಿಕೊಳ್ಳುವುದು ಮುಖ್ಯವಾಗಿ 2ರಿಂದ 7 ವಾರಗಳ ನಡುವೆ. ಆ ದಿನಗಳಲ್ಲಿ ಸಾಧುವಾದ ನಾಯಿಯೊಂದನ್ನು ದಿನವೂ ಕಂಡ ಮರಿಗೆ ಮುಂದೆ ನಾಯಿಯೆಂದರೆ ಭೂತವಾಗಿ ತೋರದು. ಹಾಗೆಂದು 8 ವಾರ ತುಂಬುವ ಮೊದಲು ತಾಯಿಯಿಂದ ಅಗಲಿಸಬಾರದು. 12 ವಾರವಾದರೆ ಮತ್ತೂ ಒಳ್ಳೆಯದು.

ಸ್ವಭಾವವನ್ನು ಅರಿಯುವುದು ಕಷ್ಟವೇನಲ್ಲ. ನೆಲದ ಮೇಲೆ ಕುಳಿತು ಕೈ ಚಾಚಿರಿ. ಮೂಲೆಗೆ ಓಡಿ ಅವಿತುಕೊಳ್ಳುವ ಬೆಕ್ಕು ಈ ಮನೆಗೆ ತಕ್ಕುದಲ್ಲ, ಏಕೆಂದರೆ ಓಡುವುದನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಕಂಡೊಡನೆ ಮೇಲೆರಗುವುದೂ ಬೇಡ. ತುಸು ನಿಂತು ನೋಡಿ, ತಾನಾಗಿಯೇ ಬಂದು ಬೆರಳನ್ನು ಮೂಸುವ ಬೆಕ್ಕು ನಾಯಿಯ ಮುಂದೆಯೂ ನಿಲ್ಲಬಲ್ಲದು. ಬೇಲೂರಿನ ಗುಡಿಯ ಬಾಗಿಲಲ್ಲಿ ಸಳನೊಡನೆ ಸೆಣಸುವ ಆ ಮೃಗವನ್ನು ಹುಲಿಯೆನ್ನಿ, ಸಿಂಹವೆನ್ನಿ, ನಮ್ಮ ಅಡುಗೆಮನೆಯ ಬೆಕ್ಕು ಅದೇ ಕುಲದ್ದು! ಗಾತ್ರ ಚಿಕ್ಕದಾದರೂ ಗತ್ತು ಚಿಕ್ಕದಲ್ಲ.

ಬಣ್ಣದ ವಿಚಾರ ಬಂದಾಗ ‘ಕರಿ ಬೆಕ್ಕು ಬೇಡ’ ಎನ್ನುವ ಅಜ್ಜಿಯರು ಈಗಲೂ ಇದ್ದಾರೆ. ಶಕುನಗಳನ್ನು ತಳ್ಳಿಹಾಕಿದ ಶರಣರ ಪರಂಪರೆಯ ಮನೆಗಳಲ್ಲಿ ಈ ಮಾತು ಕೇಳಿಬರುವುದೇ ಸೋಜಿಗ. ಮೂರು ಬಣ್ಣದ ಬೆಕ್ಕು ಬಹುಮಟ್ಟಿಗೆ ಹೆಣ್ಣೇ ಆಗಿರುತ್ತದೆ ಎಂಬಷ್ಟನ್ನು ಬಣ್ಣದಿಂದ ತಿಳಿಯಬಹುದೇ ಹೊರತು ಗುಣವನ್ನಲ್ಲ. ಹೆಣ್ಣೋ ಗಂಡೋ ಎಂಬುದೂ ಅಷ್ಟು ಮುಖ್ಯವಲ್ಲ. ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಮುಖ್ಯ. ಇಲ್ಲವಾದರೆ ಆರು ತಿಂಗಳಿಗೇ ಬೆದೆಗೆ ಬಂದು, ಮುಂದೆ ಎರಡು ತಿಂಗಳಲ್ಲಿ ಮರಿಗಳ ಹಿಂಡನ್ನೇ ಹಾಕುತ್ತದೆ.

ಈಗ ನಮ್ಮ ಮನೆಗಳಿಗೆ ಮಾತ್ರ ವಿಶೇಷವಾಗಿ ಅನ್ವಯಿಸುವ ಕಠಿಣ ಪ್ರಶ್ನೆಯೊಂದಿದೆ. ನಾವು ಶಾಕಾಹಾರಿಗಳು. ನಾಯಿ ಮುದ್ದೆ, ಮೊಸರನ್ನ, ಬೇಳೆಗಳಿಗೆ ತಕ್ಕಮಟ್ಟಿಗೆ ಒಗ್ಗಿಕೊಳ್ಳಬಲ್ಲದು. ಬೆಕ್ಕಿನ ದೇಹಕ್ಕೆ ಅದು ಸಾಧ್ಯವಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಸತ್ವವನ್ನು ಬೆಕ್ಕು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗುವುದನ್ನು 1975ರಲ್ಲೂ, ಹೃದಯದ ಸ್ನಾಯು ಸಡಿಲಗೊಂಡು ಸಾಯುವುದನ್ನು 1987ರಲ್ಲೂ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಹಾಲು ಅನ್ನವನ್ನಷ್ಟೇ ಉಣಿಸಿ, ಹೊರಗೆ ಬಿಡದೆ ಬೆಕ್ಕನ್ನು ಸಾಕುವುದು ದಯೆಯಂತೆ ಕಂಡರೂ ಅದು ಮೆಲ್ಲಮೆಲ್ಲನೆ ಕೊಲ್ಲುವ ಕ್ರಮ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವಾಗದೆ ಭೇದಿಯೂ ಆಗುತ್ತದೆ.

ತೋಟದಲ್ಲಿ ಅಲೆದು ಇಲಿ ಹಿಡಿಯುವ ಬೆಕ್ಕಿಗೆ ಈ ಸತ್ವ ಬೇಟೆಯಿಂದ ದೊರೆಯುತ್ತದೆ. ಪಟ್ಟಣದ ಮನೆಯೊಳಗೇ ಇರುವ ಬೆಕ್ಕಿಗೆ ಅಂಗಡಿಯಲ್ಲಿ ದೊರೆಯುವ ಸಿದ್ಧ ಆಹಾರವೇ ಗತಿ. ಅದರಲ್ಲಿ ಸಾಮಾನ್ಯವಾಗಿ ಮೀನು ಮಾಂಸಗಳ ಅಂಶವಿರುತ್ತದೆ. ಅಂಥ ಪೊಟ್ಟಣವನ್ನು ಮನೆಯೊಳಗೆ ತರಲು ಮನಸ್ಸೊಪ್ಪದಿದ್ದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಆಗ ಬೆಕ್ಕನ್ನು ತರುವುದು ಬೇಡ. ಇದನ್ನು ಅತ್ತೆ ಸೊಸೆ, ಮಕ್ಕಳು ಎಲ್ಲರೂ ಕುಳಿತು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಹಸಿದಿದ್ದರೆ ಮಾತ್ರ ಇಲಿ ಹಿಡಿಯುತ್ತದೆಂದು ಬೆಕ್ಕನ್ನು ಉಪವಾಸ ಕೆಡವುವವರೂ ಉಂಟು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತದೆ.

ತಂದ ದಿನವೇ ಎರಡನ್ನೂ ಎದುರುಬದುರು ನಿಲ್ಲಿಸಿ ‘ನೋಡೋಣ’ ಎನ್ನುವ ಕುತೂಹಲ ಬೇಡ. ಮೊದಲ ವಾರ ಬೆಕ್ಕಿಗೆ ಬೇರೆ ಕೋಣೆ, ಮಣ್ಣು ಹಾಕಿದ ತಟ್ಟೆ, ನೀರು. ನಾಯಿ ಮಲಗುವ ಚೀಲವನ್ನು ಬೆಕ್ಕಿನ ಬಳಿಗೂ, ಬೆಕ್ಕು ಮಲಗಿದ ಹಳೆಯ ಪಂಚೆಯ ತುಂಡನ್ನು ನಾಯಿಯ ಬಳಿಗೂ ಇಟ್ಟರೆ ಪರಿಚಯವು ವಾಸನೆಯಿಂದ ಆರಂಭವಾಗುತ್ತದೆ. ಬಳಿಕ ಮುಚ್ಚಿದ ಬಾಗಿಲಿನ ಆಚೆ ಒಂದಕ್ಕೆ, ಈಚೆ ಒಂದಕ್ಕೆ ಊಟ. ನಾಯಿ ಬಾಗಿಲನ್ನು ಕೆರೆಯುವುದನ್ನು ಬಿಟ್ಟ ಮೇಲೆ ಅದರ ಕೊರಳಪಟ್ಟಿಗೆ ಹಗ್ಗ ಹಾಕಿ ಕೈಯಲ್ಲಿ ಹಿಡಿದುಕೊಂಡು ಪಡಸಾಲೆಯಲ್ಲಿ ಕೂರಿಸಿ, ಬೆಕ್ಕನ್ನು ತಾನಾಗಿಯೇ ಹೊರಬರಲು ಬಿಡಬೇಕು. ಎತ್ತಿಕೊಂಡು ನಾಯಿಯ ಮೂಗಿಗೆ ಹಿಡಿಯಬಾರದು. ನಾಯಿ ಸುಮ್ಮನಿದ್ದಷ್ಟು ಹೊತ್ತೂ ಅದಕ್ಕೆ ತಿನಿಸು ಸಿಗಲಿ. ಕೆಲವು ಮನೆಗಳಲ್ಲಿ ಹತ್ತು ದಿನ ಸಾಕು, ಕೆಲವು ಕಡೆ ಎರಡು ತಿಂಗಳೂ ಬೇಕಾದೀತು. ಅಲ್ಲಿಯವರೆಗೆ ಮನೆಯವರು ಯಾರೂ ಇಲ್ಲದಾಗ ಎರಡನ್ನೂ ಜೊತೆಗೆ ಬಿಡಬೇಡಿ. ಹಳೆಯ ಮನೆಗಳಲ್ಲಿ ಅಟ್ಟದ ಏಣಿ ಇಲ್ಲಿ ಬಹಳ ಉಪಕಾರಿ: ನಾಯಿಗೆ ಎಟುಕದ ಎತ್ತರವೊಂದು ಸದಾ ತೆರೆದಿದ್ದರೆ ಬೆಕ್ಕಿನ ಅಂಜಿಕೆ ಅರ್ಧ ಇಳಿಯುತ್ತದೆ. ಅದರ ಊಟದ ಬಟ್ಟಲೂ ಎತ್ತರದಲ್ಲೇ ಇರಲಿ. ಇಲ್ಲದಿದ್ದರೆ ನಾಯಿ ಬರಿದು ಮಾಡುತ್ತದೆ.

ಇಷ್ಟಾಗಿಯೂ ಹೊಂದಿಕೆಯಾಗದಿರಬಹುದು. ಆದುದರಿಂದ ಬೆಕ್ಕನ್ನು ಕೊಡುವವರೊಡನೆ ‘ಎರಡು ತಿಂಗಳು ನೋಡುತ್ತೇವೆ, ಆಗದಿದ್ದರೆ ನಿಮಗೇ ಮರಳಿ ಒಪ್ಪಿಸುತ್ತೇವೆ’ ಎಂದು ಮೊದಲೇ ಮಾತಾಗಿರಲಿ. ಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಗುಡಿಯ ಹಿಂದೆಯೋ ಬಿಟ್ಟುಬರುವ ಹಳೆಯ ರೂಢಿ ಹೇಯವಾದುದು. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬೆಕ್ಕು, ನಾಯಿ ಎರಡಕ್ಕೂ ಮೂರು ತಿಂಗಳ ವಯಸ್ಸಿನಲ್ಲಿ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮರಳಿ ಹಾಕಿಸುತ್ತಿರಬೇಕು. ಬೆಕ್ಕಿನಿಂದ ಈ ರೋಗ ಬಾರದೆಂಬ ನಂಬಿಕೆ ತಪ್ಪು. ಇವೆರಡರ ಜಗಳ ಬಿಡಿಸಲು ಹೋಗಿ ಕಚ್ಚಿಸಿಕೊಂಡರೆ, ಪರಚಿಸಿಕೊಂಡರೆ, ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ಗರ್ಭಿಣಿಯರು ಬೆಕ್ಕಿನ ಹೇಲು ಬಳಿಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಕೊನೆಯದಾಗಿ, ಬೆಕ್ಕು ಮನೆಗೆ ಬರುವ ಮುನ್ನ ಅಟ್ಟದ ಮೂಲೆಗಳಲ್ಲಿ, ಕಣಜದ ಹಿಂದೆ, ಕೊಟ್ಟಿಗೆಯ ಸಂದುಗಳಲ್ಲಿ ಎಂದೋ ಇಟ್ಟು ಮರೆತಿರುವ ಇಲಿ ಪಾಷಾಣವನ್ನು ಹುಡುಕಿ ತೆಗೆಯಿರಿ. ವಿಷ ತಿಂದು ತೂರಾಡುವ ಇಲಿ ಬೆಕ್ಕಿಗೆ ಸುಲಭವಾಗಿ ಸಿಗುತ್ತದೆ. ಅದನ್ನು ತಿಂದ ಬೆಕ್ಕು ಸಾಯಬಹುದು, ಬೆಕ್ಕು ಬಿಟ್ಟುಹೋದುದನ್ನು ತಿಂದ ನಾಯಿಯೂ ಸಾಯಬಹುದು. ಬೆಕ್ಕು ಸಾಕುವ ಮನೆಯಲ್ಲಿ ಪಾಷಾಣದ ಪೊಟ್ಟಣ ಇರಕೂಡದು. ಪಕ್ಕದ ತೋಟದವರಿಗೂ ಈ ಮಾತನ್ನು ತಿಳಿಸಿರಿ.