ಪಾಸ್‌ಬುಕ್ಕಿನಲ್ಲಿ ಕಾಣದ ಹೊಲ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಬ್ಯಾಂಕ್ ಖಾತೆಯ ಮಾತು ಸಲ್ಲದೆಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಗಡಿನಾಡಿನ ಕನ್ನಡ ಶಾಲೆಗಳು, ಶಿಕ್ಷಕರ ನೇಮಕ, ಭಾಷಾ ಅಲ್ಪಸಂಖ್ಯಾತರ ಹಕ್ಕು, ಇವುಗಳ ಕುರಿತು ಇಂಥ ಸಂಚಿಕೆಗಳಲ್ಲಿ ಲೇಖನಗಳು ಬರುತ್ತಲೇ ಇವೆ, ಬರಬೇಕಾದದ್ದೂ ಹೌದು. ಆದರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕನ್ನಡ ಮನೆಗಳ ಪಡಸಾಲೆಯಲ್ಲಿ ಈಗ ಕೆಲವು ವರ್ಷಗಳಿಂದ ಕೇಳಿಬರುತ್ತಿರುವ ಪ್ರಶ್ನೆ ಬೇರೆಯದು: "ವೀಸಾಕ್ಕೆ ಖಾತೆಯಲ್ಲಿ ಎಷ್ಟು ತೋರಿಸಬೇಕು?" ಹೈದರಾಬಾದಿನಲ್ಲಿ ಓದಿ, ಅಲ್ಲಿಂದ ಕಡಲಾಚೆಗೆ ಹೋದ ಮಕ್ಕಳ ತಂದೆತಾಯಿಗಳು ಈ ಪ್ರಶ್ನೆ ಕೇಳುತ್ತಾರೆ. ಅವರಿಗೆ ಊರು ಸುತ್ತುವ ಹಂಬಲವಿಲ್ಲ. ಮಗಳ ಬಾಣಂತನ ಮಾಡಬೇಕು, ಮೊಮ್ಮಗುವಿನ ಮುಖ ನೋಡಬೇಕು, ಬಿತ್ತನೆಯ ಹೊತ್ತಿಗೆ ಊರಿಗೆ ಮರಳಬೇಕು, ಅಷ್ಟೇ.

ನಾನು ನಿವೃತ್ತ ಕನ್ನಡ ಶಿಕ್ಷಕ. ಅರ್ಜಿ ತುಂಬಿಕೊಡುವುದು ನಿವೃತ್ತರಿಗೆ ತಾನಾಗಿ ಅಂಟಿಕೊಳ್ಳುವ ಕೆಲಸ. ನಾರಾಯಣಖೇಡದ ಕಡೆಯ ಒಂದು ಹಳ್ಳಿಯ ವೃದ್ಧ ದಂಪತಿಗಳ ಅರ್ಜಿಯನ್ನು ನಾನೇ ತುಂಬಿದೆ. ಹನ್ನೊಂದು ಎಕರೆ ಜಮೀನು, ಮೂರರಲ್ಲಿ ಕಬ್ಬು, ಉಳಿದದ್ದರಲ್ಲಿ ತೊಗರಿ, ಜೋಳ. ಎರಡು ಬೋರ್‌ವೆಲ್, ನಾಲ್ಕು ಎಮ್ಮೆ, ಸಾಲವಿಲ್ಲದ ಮನೆ. ಮಗ ಪಶ್ಚಿಮದ ಒಂದು ದೇಶದಲ್ಲಿ ಎಂಜಿನಿಯರ್. ಸೊಸೆಯ ಹೆರಿಗೆ ಜನವರಿಯಲ್ಲಿ ಇದ್ದುದರಿಂದ ನವೆಂಬರಿನಲ್ಲಿ ಅರ್ಜಿ ಹಾಕಬೇಕಾಯಿತು. ಹಿಂದಿನ ಆರು ತಿಂಗಳ ಖಾತೆಯ ವಿವರ ತೆಗೆಸಿದಾಗ ಅದರಲ್ಲಿದ್ದದ್ದು ಸರ್ಕಾರದ ರೈತ ಸಹಾಯಧನದ ಒಂದು ಜಮೆ, ಉಳಿತಾಯದ ಅಲ್ಪ ಬಡ್ಡಿ, ಗೊಬ್ಬರಕ್ಕೂ ಕೂಲಿಗೂ ತೆಗೆದ ಹಣ. ಕೊನೆಯ ಸಾಲಿನಲ್ಲಿ ಹತ್ತೊಂಬತ್ತು ಸಾವಿರವೂ ಉಳಿದಿರಲಿಲ್ಲ.

ಊರಿನ ಒಬ್ಬ ದಲ್ಲಾಳಿ ದಾರಿ ತೋರಿಸಿದ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ನಾಲ್ಕು ಲಕ್ಷ, ಮೇಲೆ ತನ್ನ ಕಮಿಷನ್. ನಾನು ಬೇಡವೆಂದೆ, ಗಟ್ಟಿಯಾಗಿ ಹೇಳಲಿಲ್ಲ, ಅದು ನನ್ನ ತಪ್ಪು. ಹಣ ಖಾತೆಗೆ ಬಂದು ಕೂತಿತು. ಮಗ ತನ್ನ ಸಂಬಳದ ಚೀಟಿ, ಮನೆ ಬಾಡಿಗೆಯ ಕರಾರು, ಆಮಂತ್ರಣ ಪತ್ರ ಎಲ್ಲವನ್ನೂ ಕಳಿಸಿದ್ದ. ಮೂರು ವಾರಗಳ ಬಳಿಕ ಬಂದ ಅಚ್ಚಿನ ನಮೂನೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿತ್ತು: ಜೀವನೋಪಾಯಕ್ಕೆ ಸಾಕಷ್ಟು ಹಣವಿರುವುದಕ್ಕೆ ಪುರಾವೆ ಇಲ್ಲ. ಇಬ್ಬರ ಶುಲ್ಕವೂ ಹೋಯಿತು, ಬಡ್ಡಿಯೂ ಹೋಯಿತು. ತೊಟ್ಟಿಲ ಕಾರ್ಯವನ್ನು ಅವರು ಮೊಬೈಲಿನಲ್ಲಿ ನೋಡಿದರು. ಆ ಕಾಗದವನ್ನು ಓದಿ ಅರ್ಥ ಹೇಳಿದಾಗ ಆ ಹಿರಿಯರು ಕೇಳಿದ್ದು ಒಂದೇ ಮಾತು: "ಸರ್, ನಮ್ಮ ಹೊಲ ಅವರಿಗಿ ಕಾಣಿಸಲಿಲ್ಲೇನ್ರಿ?"

ನನ್ನ ತಕರಾರು ಈ ಮಾತಿನಿಂದಲೇ ಹುಟ್ಟಿದ್ದು. ಬಂದವನು ತನ್ನ ಖರ್ಚು ತಾನು ಭರಿಸಬಲ್ಲನೇ ಎಂದು ಕೇಳುವ ನಿಯಮ ನಮ್ಮಲ್ಲಿ ಅಳೆಯುತ್ತಿರುವುದು ಅವನ ಶಕ್ತಿಯನ್ನಲ್ಲ, ಅವನು ಹಣವನ್ನು ಯಾವ ರೂಪದಲ್ಲಿ ಇಟ್ಟಿದ್ದಾನೆ ಎಂಬುದನ್ನು. ತಿಂಗಳ ಸಂಬಳಗಾರನ ಖಾತೆ ನಳದ ನೀರಿನ ಹಾಗೆ; ಯಾವ ದಿನ ತಿರುಗಿಸಿದರೂ ಬರುತ್ತದೆ. ಒಣಬೇಸಾಯದ ರೈತನ ಖಾತೆ ಕೆರೆಯ ಹಾಗೆ. ವರ್ಷಕ್ಕೊಮ್ಮೆ ತುಂಬಿ, ನಿಧಾನವಾಗಿ ಇಳಿಯುತ್ತದೆ. ತೊಗರಿ ಕೊಯ್ಲಾಗುವುದು ಡಿಸೆಂಬರ್, ಜನವರಿಯಲ್ಲಿ. ಮಾರುಕಟ್ಟೆಯ ಹಣ ಕೈಗೆ ಬರುವುದು ಅನಂತರ. ಕಬ್ಬಿನ ಬಿಲ್ಲು ಕಾರ್ಖಾನೆ ಕೊಟ್ಟಾಗ. ಹೀಗಿರುವಾಗ ಜೂನ್‌ನಿಂದ ನವೆಂಬರಿನವರೆಗಿನ ಹಾಳೆಗಳನ್ನು ತೆರೆದು ನೋಡಿದವನಿಗೆ ಕೆರೆಯ ತಳದ ಕೆಸರಷ್ಟೇ ಕಂಡೀತು. ತುಂಬಿದಾಗ ನೋಡಿದರೆ ಇನ್ನೊಂದು ಸಂಶಯ: ಇಷ್ಟು ಹಣ ಒಮ್ಮೆಲೇ ಎಲ್ಲಿಂದ ಬಂತು? ಅಡತಿ ಅಂಗಡಿಯಲ್ಲಿ ಬಿಟ್ಟ ಹಣವಾದರೆ ಯಾವ ಬ್ಯಾಂಕಿನ ಹಾಳೆಯಲ್ಲೂ ಇಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದ ಕಾರಣ ಹೆಚ್ಚಿನವರ ಬಳಿ ತೆರಿಗೆ ವಿವರಣೆಯ ಕಾಗದವೂ ಇರುವುದಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು; ಅದನ್ನು ಬೆಳೆದವನಿಗೆ ಮಾತ್ರ ಆ ಬೆಳೆ ಆದಾಯವೆಂದು ಮನವರಿಕೆ ಮಾಡಿಕೊಡಲು ಒಂದು ತುಂಡು ಕಾಗದವಿಲ್ಲ.

ಇನ್ನು ಗಡಿನಾಡಿನವರಿಗೆ ಮಾತ್ರ ಇರುವ ತೊಡಕು. 1956ರ ನವೆಂಬರ್ 1ರವರೆಗೆ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲೂ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲೂ ಇದ್ದವು. ನಾವು ಹಾಸಿಗೆಯಿಂದ ಏಳದೆಯೇ ಒಂದು ಗಡಿ ದಾಟಿದವರು. (ಅಂದು ನಮ್ಮನ್ನು ಯಾರೂ ಜೇಬಿನಲ್ಲಿ ಎಷ್ಟಿದೆ ಎಂದು ಕೇಳಲಿಲ್ಲ, ಬರುತ್ತೀರಾ ಎಂದೂ ಕೇಳಲಿಲ್ಲ.) ಅದರ ಫಲವಾಗಿ ಒಂದೇ ಹೊಲದ ಚರಿತ್ರೆ ಮೂರು ಲಿಪಿಗಳಲ್ಲಿದೆ. ಅಜ್ಜನ ಕಾಲದ ದಾಖಲೆ ನಿಜಾಮರ ಉರ್ದುವಿನಲ್ಲಿ, ಈಗಿನ ಪಟ್ಟಾ ಪುಸ್ತಕ ತೆಲುಗಿನಲ್ಲಿ, ಮನೆಯ ಪಾಲಿನ ಚೀಟಿ ಕನ್ನಡದಲ್ಲಿ. ಹೆಸರು ಒಂದೊಂದರಲ್ಲಿ ಒಂದೊಂದು ತೆರ. ಬಸಪ್ಪನವರು ಒಂದು ಕಡೆ ಬಸ್ಸಪ್ಪ, ಇನ್ನೊಂದು ಕಡೆ ಬಸವಯ್ಯ. ಇವನ್ನೆಲ್ಲ ಇಂಗ್ಲಿಷಿಗೆ ಅನುವಾದಿಸಿ ಪ್ರಮಾಣೀಕರಿಸಿ ಕೊಡುವ ಹೊತ್ತಿಗೆ ಹೆಸರು ನಾಲ್ಕನೆಯ ರೂಪ ಪಡೆದಿರುತ್ತದೆ. ಜಮೀನಿನ ಬೆಲೆ ಕೋಟಿ ದಾಟಿದ್ದರೂ ಖಾತೆಯ ಹಾಳೆಯ ಮುಂದೆ ಅದು ಮಣ್ಣೇ. ಹೆಂಗಸರ ಸ್ಥಿತಿಯಂತೂ ಕೇಳಬೇಡಿ. ನಲವತ್ತು ವರ್ಷ ಕಳೆ ಕಿತ್ತ ತಾಯಿಯ ಹೆಸರಿನಲ್ಲಿ ಹೊಲವೂ ಇಲ್ಲ, ಖಾತೆಯಲ್ಲಿ ಹಣವೂ ಇಲ್ಲ. ಬಾಣಂತನಕ್ಕೆ ಬೇಕಾದವಳು ಅವಳೇ.

ಎದುರು ಪಕ್ಷದ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ತನ್ನ ನೆಲಕ್ಕೆ ಬರುವವನು ತನಗೆ ಭಾರವಾಗಬಾರದೆಂದು ಬಯಸುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಭಾರತವೂ ಇ-ವೀಸಾದಲ್ಲಿ ಬರುವ ಪ್ರವಾಸಿಯ ಬಳಿ ಮರಳುವ ಟಿಕೇಟೂ ತಂಗುವ ಕಾಲಕ್ಕೆ ಸಾಕಾಗುವ ಹಣವೂ ಇರಬೇಕೆಂದು ಹೇಳುತ್ತ ಬಂದಿದೆ. ಓದಲು ಹೋಗುವವರ ವಿಷಯದಲ್ಲಿ ನನಗೆ ಅಷ್ಟು ತಕರಾರಿಲ್ಲ. ಕೆನಡಾ 2024ರ ಜನವರಿ 1ರಿಂದ ಹತ್ತು ಸಾವಿರ ಡಾಲರಿನ ಮೊತ್ತವನ್ನು 20,635ಕ್ಕೆ ಏರಿಸಿದ್ದು ನಮ್ಮ ಹುಡುಗರಿಗೆ ಭಾರವಾಯಿತು, ನಿಜ. ಆದರೂ ಅದು ಗೊತ್ತಿರುವ ಅಂಕಿ. ಜರ್ಮನಿಯ ನಿರ್ಬಂಧಿತ ಖಾತೆಯಲ್ಲಿ ಇಟ್ಟ ಹಣ ತಿಂಗಳು ತಿಂಗಳು ಅದೇ ವಿದ್ಯಾರ್ಥಿಯ ಕೈಗೆ ಬರುತ್ತದೆ.

ತಂದೆತಾಯಿಗಳ ಮುಂದಿರುವುದು ಅಂಥ ಸ್ಪಷ್ಟ ಗೋಡೆಯಲ್ಲ, ಮಂಜು. ಅಮೆರಿಕದ ಕಾನೂನು ಸಂದರ್ಶಕನನ್ನು ಅಲ್ಲಿಯೇ ನೆಲೆಸಲು ಬಂದವನೆಂದೇ ಮೊದಲು ಊಹಿಸುತ್ತದೆ; ಅಲ್ಲವೆಂದು ತೋರಿಸಿಕೊಡುವ ಹೊಣೆ ಕಿಟಕಿಯ ಈಚೆ ನಿಂತವನದು. ಬ್ರಿಟನ್ನು ಸಂದರ್ಶಕರಿಗೆ ಇಷ್ಟೇ ಮೊತ್ತವೆಂದು ಹೇಳದೆ "ಸಾಕಷ್ಟು" ಎನ್ನುತ್ತದೆ. ಷೆಂಗೆನ್ ಒಪ್ಪಂದದ ದೇಶಗಳು ತಮ್ಮ ತಮ್ಮ ದಿನದ ಲೆಕ್ಕವನ್ನು ಪ್ರಕಟಿಸಿವೆ. ಅವುಗಳಲ್ಲಿ ಫ್ರಾನ್ಸಿನದು ನನಗೆ ಮೆಚ್ಚುಗೆಯಾಗಿದೆ: ಹೋಟೆಲಿನಲ್ಲಿ ತಂಗುವವನಿಗೆ ದಿನಕ್ಕೆ 65 ಯೂರೋ, ಆತಿಥೇಯನ ಮನೆಯಲ್ಲಿ ಉಳಿಯುವವನಿಗೆ ಅದರ ಅರ್ಧ, 32.50. ಮಗನ ಮನೆಯ ಊಟಕ್ಕೂ ಒಂದು ಬೆಲೆ ಇದೆಯೆಂದು ಒಪ್ಪಿಕೊಂಡ ಲೆಕ್ಕ ಅದು. ಜರ್ಮನಿಯಲ್ಲಿ ಆತಿಥೇಯನು ಕಚೇರಿಗೆ ಹೋಗಿ ಅತಿಥಿಯ ಖರ್ಚಿಗೆ ತಾನೇ ಹೊಣೆಯೆಂದು ವಿಧಿವತ್ತಾಗಿ ಬರೆದುಕೊಡುವ ಏರ್ಪಾಡಿದೆ. ಅಂದಮೇಲೆ ಇದು ಆಗದ ಕೆಲಸವಲ್ಲ. 2024ರಲ್ಲಿ ಭಾರತದಿಂದ ಷೆಂಗೆನ್ ವೀಸಾಕ್ಕೆ ಹೋದ ಸುಮಾರು 11 ಲಕ್ಷ ಅರ್ಜಿಗಳಲ್ಲಿ 1.65 ಲಕ್ಷ ತಿರಸ್ಕೃತವಾದವು. ವಯಸ್ಕರಿಗೆ ಶುಲ್ಕ ಆ ವರ್ಷದ ಜೂನ್‌ನಿಂದ 90 ಯೂರೋ, ತಿರಸ್ಕರಿಸಿದರೂ ಮರಳಿಸುವುದಿಲ್ಲ. ಕೊಡದ ವೀಸಾಕ್ಕೆ ಪೂರ್ತಿ ದರ ವಸೂಲಿ ಮಾಡುವ ಈ ಪದ್ಧತಿಯನ್ನು ನಮ್ಮ ಸಂತೆಯ ವ್ಯಾಪಾರಿ ಮಾಡಿದ್ದರೆ ಏನೆನ್ನುತ್ತಿದ್ದೆವು?

ಹಣ ತೋರಿಸು ಎಂಬ ಮಾತಿನ ಹಿಂದೆ ಒಂದು ಹಳೆಯ ಕಥೆಯೂ ಇದೆ. 1908ರಲ್ಲಿ ಕೆನಡಾ ಸರ್ಕಾರ ಏಷ್ಯಾದಿಂದ ಬಂದಿಳಿಯುವವರ ಕೈಯಲ್ಲಿ 200 ಡಾಲರ್ ಇರಬೇಕೆಂದು ವಿಧಿಸಿತು. ಯುರೋಪಿನಿಂದ ಬಂದವರಿಗೆ ಕೇಳುತ್ತಿದ್ದ ಹಣ ಅದಕ್ಕಿಂತ ಬಹಳ ಕಡಿಮೆ. ಜೊತೆಗೆ ಹುಟ್ಟಿದ ದೇಶದಿಂದ ಎಲ್ಲಿಯೂ ತಡೆಯದೆ ನೇರವಾಗಿ ಪ್ರಯಾಣ ಮಾಡಿರಬೇಕೆಂಬ ನಿಯಮ. ಭಾರತದಿಂದ ಅಲ್ಲಿಗೆ ನೇರ ಹಡಗೇ ಇರಲಿಲ್ಲ. 1914ರಲ್ಲಿ 376 ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಮುಟ್ಟಿದ ಕೊಮಗಾಟ ಮಾರು ಹಡಗು ಎರಡು ತಿಂಗಳು ಬಂದರಿನಲ್ಲಿ ನಿಂತು, ಕೆಲವರನ್ನಷ್ಟೇ ಇಳಿಸಿ ಹಿಂದಿರುಗಬೇಕಾಯಿತು. ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ಅವರ ಮೇಲೆ ಗುಂಡು ಹಾರಿತು. ಕೆನಡಾದ ಪ್ರಧಾನಿ ತಮ್ಮ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ಇಂದಿನ ನಿಯಮಗಳು ಅದೇ ದ್ವೇಷದ ಕೂಸುಗಳೆಂದು ನಾನು ಹೇಳುವುದಿಲ್ಲ. ಹಣದ ಮೊತ್ತವೊಂದನ್ನು ಮುಂದಿಟ್ಟು, ಬೇಡದವರನ್ನು ಹೆಸರು ಹೇಳದೆ ಹೊರಗಿಡಬಹುದೆಂಬುದು ಅಂದೇ ಗೊತ್ತಾಗಿತ್ತು ಎಂದಷ್ಟೇ ನೆನಪಿಸುತ್ತೇನೆ. ವಿನೋದವೆಂದರೆ, ಅರವತ್ತು ಎಪ್ಪತ್ತರ ದಶಕಗಳಲ್ಲಿ ಅಮೆರಿಕಕ್ಕೆ ಹೋದ ನಮ್ಮ ಎಷ್ಟೋ ಕನ್ನಡಿಗ ವೈದ್ಯರು, ಎಂಜಿನಿಯರುಗಳು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಇಳಿದವರು. ವಿದೇಶಿ ವಿನಿಮಯದ ಕೊರತೆಯಿಂದ ನಮ್ಮ ಸರ್ಕಾರವೇ ಹೆಚ್ಚು ಒಯ್ಯಗೊಡುತ್ತಿರಲಿಲ್ಲ. ಅವರು ಯಾರಿಗೂ ಭಾರವಾಗಲಿಲ್ಲ.

ನಮ್ಮವರ ಮೇಲೂ ಒಂದು ಮಾತು ಹೇಳದಿದ್ದರೆ ಈ ಲೇಖನ ಪಕ್ಷಪಾತವಾದೀತು. ಖಾತೆಯಲ್ಲಿ ಹದಿನೈದು ದಿನ ಹಣ ಕೂರಿಸುವ ದಂಧೆಯನ್ನು ನಾವು ಜಾಣತನವೆಂದು ಹೊಗಳುತ್ತೇವೆ. 2024ರ ಮೇ ತಿಂಗಳಲ್ಲಿ ದುಬೈಗೆ ಹೋಗುವ ಪ್ರವಾಸಿಗಳ ಬಳಿ 3,000 ದಿರ್ಹಂ ಇದೆಯೇ ಎಂದು ವಿಮಾನ ಹತ್ತುವ ಮುನ್ನವೇ ನೋಡುತ್ತಿದ್ದಾರೆಂದು ಸುದ್ದಿ ಬಂದಾಗ, ಆ ಹಣವನ್ನೂ ಕೈಗಡವಾಗಿ ಕೊಡುವವರು ಹುಟ್ಟಿಕೊಂಡಾರೆಂದು ನನಗೆ ಆಶ್ಚರ್ಯವೇನೂ ಆಗಲಿಲ್ಲ. ಪ್ರವಾಸಿ ವೀಸಾದಲ್ಲಿ ಕೆಲಸ ಹುಡುಕಲು ಹೋಗುವ ಹುಡುಗನಿಗೆ ಸಾಲದ ಮೇಲೆ ಸಾಲ. ಪ್ರಾಮಾಣಿಕ ಕಾಗದ ನಡೆಯದ ಕಡೆ ಸುಳ್ಳು ಕಾಗದಕ್ಕೆ ಬೆಲೆ ಬರುತ್ತದೆ. ಒಂದು ಸುಳ್ಳು ಸಿಕ್ಕಿಬಿದ್ದಾಗ ಮುಂದಿನ ಹತ್ತು ಮಂದಿ ನಿಜವಂತರ ಹಾಳೆಗಳನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ.

ಹಾಗಾದರೆ ಕೇಳುವುದೇನು? ರೈತನಾದ ಅರ್ಜಿದಾರನಿಂದ ಆರು ತಿಂಗಳ ಬದಲು ಎರಡು ವರ್ಷದ ಖಾತೆ ನೋಡಲಿ; ಎರಡು ಸುಗ್ಗಿಗಳು ಅದರಲ್ಲಿ ಸಿಗುತ್ತವೆ. ಪಟ್ಟಾ ಪುಸ್ತಕವನ್ನೂ ಮಾರುಕಟ್ಟೆಯ ತೂಕದ ರಸೀದಿಯನ್ನೂ ಸಂಬಳದ ಚೀಟಿಗೆ ಸಮನಾಗಿ ಎಣಿಸಲಿ. ಮಕ್ಕಳು ಹೊಣೆ ಹೊತ್ತಲ್ಲಿ ತಂದೆತಾಯಿಗಳ ಜೇಬು ತಡಕುವುದನ್ನು ಬಿಡಲಿ. ತಿರಸ್ಕರಿಸಿದರೆ ಶುಲ್ಕದ ಒಂದು ಪಾಲನ್ನಾದರೂ ಹಿಂದಿರುಗಿಸಲಿ. ಇದನ್ನು ಮುಂದಿಟ್ಟು ಮಾತನಾಡಬೇಕಾದದ್ದು ದೆಹಲಿಯ ವಿದೇಶಾಂಗ ಸಚಿವಾಲಯ. ನಮ್ಮ ಸಂಸದರು ಅದನ್ನು ಅಲ್ಲಿಗೆ ಒಯ್ಯಬೇಕು. ತಹಸೀಲ್ದಾರ ಕಚೇರಿಗಳು ಭೂಮಿ, ಬೆಳೆ, ವಾರ್ಷಿಕ ಆದಾಯ ಮೂರನ್ನೂ ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಕೊಡುವಂತಾದರೆ ದೆಹಲಿಯವರೆಗೂ ಕಾಯಬೇಕಾಗಿಲ್ಲ.

ಕಡಲಾಚೆಯ ಕನ್ನಡ ಸಂಘಗಳಿಗೂ ಒಂದು ವಿನಂತಿ. ಗಡಿನಾಡಿನ ಕವಿಯನ್ನೋ ಜಾನಪದ ಕಲಾವಿದನನ್ನೋ ನೀವು ಪ್ರೀತಿಯಿಂದ ಕರೆಯುತ್ತೀರಿ. ಆಮಂತ್ರಣದಲ್ಲಿ ಕನ್ನಡಾಂಬೆಯ ಸ್ತುತಿ ಒಂದು ಪುಟ ಇರುತ್ತದೆ; ಟಿಕೇಟು ಯಾರದು, ಊಟ ವಸತಿ ಯಾರದು, ಎಷ್ಟು ದಿನ, ಎಷ್ಟು ಹಣ ಎಂಬುದು ಒಂದು ಸಾಲೂ ಇರುವುದಿಲ್ಲ. ಕಿಟಕಿಯ ಆಚೆಯವನು ಓದುವುದು ಆ ಇಲ್ಲದ ಸಾಲನ್ನೇ. ದಯವಿಟ್ಟು ಅಂಕಿಗಳಲ್ಲಿ ಬರೆಯಿರಿ.

ಆ ದಂಪತಿಗಳು ಈ ಸಲ ತೊಗರಿ ಮಾರಿದ ಮೇಲೆ ಮತ್ತೆ ಅರ್ಜಿ ಹಾಕುವವರಿದ್ದಾರೆ, ಸಾಲದ ಹಣವಿಲ್ಲದೆ. ಖಾತೆಗೆ ಬಂದ ಜಮೆಯ ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಡುವ ಕೆಲಸ ನನ್ನದು. ಎಷ್ಟು ಚೀಲ, ಎಷ್ಟು ಕ್ವಿಂಟಾಲ್, ಯಾವ ದಿನ, ಯಾವ ದರ. ರಸೀದಿಗಳನ್ನು ಆ ತಾಯಿ ಜೋಳದ ಡಬ್ಬಿಯೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟಿದ್ದಾರೆ. ಮಗು ಆಗಲೇ ನಡೆಯಲು ಕಲಿತಿದೆಯಂತೆ.