ಆಟದೊಳಗಣ ಕಚೇರಿ

ವ್ಯೋಮನೌಕೆಯಲ್ಲಿ ಸರಕು ಹೇರಿಕೊಂಡು ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುವ ವರ್ತಕರ ಆಟವೊಂದನ್ನು ನಮ್ಮ ತರುಣರಲ್ಲಿ ಕೆಲವರು ಆಡುವುದನ್ನು ವಾಚಕರು ಕಂಡಿರಬಹುದು. ಮಾರ್ಕ್ ಮಿಲ್ಲರ್ ಎಂಬವರು ರಚಿಸಿ, 1977ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಷಾಪ್ ಸಂಸ್ಥೆಯವರು ಪ್ರಕಟಿಸಿದ ‘ಟ್ರಾವೆಲರ್’ ಎಂಬುದೇ ಆ ಆಟ. ಒಬ್ಬನು ಸೂತ್ರಧಾರ, ಮಿಕ್ಕವರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಲ್ಲಿಯೇ ನಡೆದಾಡುವರು, ಸಂದೇಹ ಬಂದಲ್ಲಿ ಎರಡು ದಾಳಗಳು ತೀರ್ಪು ಕೊಡುವುವು. ಇದು ಬರಿಯ ಕಾಲಹರಣವೆಂದು ಮೂಗು ಮುರಿಯುವ ಹಿರಿಯರೊಡನೆ ಇಂದು ನಮಗೆ ವಾದವಿಲ್ಲ. ನಮ್ಮ ಜಗಳ ಆಡುವವರೊಡನೆಯೇ.

1982ರ ‘ದಿ ಟ್ರಾವೆಲರ್ ಬುಕ್’ ಎಂಬ ಗ್ರಂಥದಲ್ಲಿ ‘ಎಕ್ಸಿಟ್ ವೀಸಾ’ ಎಂಬ ಸಾಹಸವೊಂದುಂಟು. ಸಾಹಸವೆಂದರೆ ಇಷ್ಟೇ: ಅಲೆಲ್ ಎಂಬ ಲೋಕದಿಂದ ಹೊರಡಬೇಕಾದ ವರ್ತಕರಿಗೆ ಹೊರಹೋಗುವ ರಹದಾರಿ ಬೇಕು; ಅದಕ್ಕಾಗಿ ಅವರು ಕಚೇರಿಯಿಂದ ಕಚೇರಿಗೆ ತಿರುಗಬೇಕು. ಇಂಥ ಘಟ್ಟ ಬಂದೊಡನೆ ನಮ್ಮ ಸೂತ್ರಧಾರರು ಆಕಳಿಸುತ್ತಾರೆ. “ಇದು ಬೇಸರದ ಭಾಗ, ಒಮ್ಮೆ ದಾಳ ಉರುಳಿಸಿ ಮುಂದಕ್ಕೆ ಹೋಗೋಣ” ಎನ್ನುವವರು ಕೆಲವರು. ಅಧಿಕಾರಿಯನ್ನು ರಾಕ್ಷಸನನ್ನಾಗಿ ಚಿತ್ರಿಸಿ ಪಿಸ್ತೂಲಿನಿಂದ ಪ್ರಕರಣವನ್ನು ಮುಗಿಸುವವರು ಹಲವರು. ಇವರಿಬ್ಬರೂ ಆಟದ ತಿರುಳನ್ನೇ ಕಿತ್ತೆಸೆಯುತ್ತಿದ್ದಾರೆಂದು ನಾವು ಹೇಳುತ್ತೇವೆ.

ನಿಯಮವನ್ನೇ ನೋಡಿರಿ. ಅಧಿಕಾರಿಯ ಬಳಿಯಿಂದ ತೊಡಕಿಲ್ಲದೆ ಹಿಂದಿರುಗಲು ದಾಳಗಳ ಮೊತ್ತ 7ಕ್ಕೆ ಕಡಮೆಯಾಗಬಾರದು. ಕಚೇರಿಯ ನಡವಳಿಕೆಯನ್ನು ಅರಿಯದವನ ಮೊತ್ತದಿಂದ 3ನ್ನು ಕಳೆಯತಕ್ಕದ್ದು. ಒಂದು ಮೆಟ್ಟಿಲಿನಷ್ಟು ಬಲ್ಲವನಿಗೆ 2ನ್ನು ಕೂಡಿಸತಕ್ಕದ್ದು. ಎರಡು ದಾಳಗಳು 36 ಬಗೆಯಾಗಿ ಬೀಳಬಲ್ಲವಷ್ಟೆ. ಅವುಗಳಲ್ಲಿ ಅರಿಯದವನಿಗೆ ಅನುಕೂಲವಾದುವು 6, ಬಲ್ಲವನಿಗೆ 30. ಕಾಯಿದೆ ಅದೇ, ಮೇಜು ಅದೇ, ಗುಮಾಸ್ತನೂ ಅವನೇ. ಅವನಲ್ಲಿ ಕ್ರೌರ್ಯವೇನೂ ಇಲ್ಲ. ಅರ್ಜಿಯ ಭಾಷೆ ಬಾರದಿರುವುದೊಂದೇ ವರ್ತಕನ ಅಪರಾಧ. ದಬ್ಬಾಳಿಕೆಯನ್ನು ಇಷ್ಟು ಚೊಕ್ಕವಾಗಿ ಅಂಕಿಗಳಲ್ಲಿ ತೋರಿಸಿದ ಆಟ ಬೇರೊಂದನ್ನು ನಾವು ಕಾಣೆವು.

ಇನ್ನು ಸಾಲ. ಹಡಗಿನ ಬೆಲೆಯ ಐದನೆಯ ಒಂದು ಪಾಲನ್ನು ವರ್ತಕನು ಮೊದಲೇ ತೆತ್ತು, ಬಳಿಕ ತಿಂಗಳಿಗೆ ಬೆಲೆಯ 240ನೆಯ ಒಂದು ಪಾಲಿನಂತೆ 480 ತಿಂಗಳು ಕಟ್ಟಬೇಕು. ನಲವತ್ತು ವರುಷಗಳ ಋಣ! ಕೊನೆಗೆ ತೆತ್ತದ್ದು ಬೆಲೆಯ ಎರಡರಷ್ಟನ್ನೂ ಮೀರುತ್ತದೆ. ಒಂದು ನೆಗೆತಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ನಡುವೆ ಷರಾ ಬೀಳದೆ ಹತ್ತು ದಿನ ಕುಳಿತರೆ ಒಂದು ನೆಗೆತದ ಬಾಡಿಗೆ ಹೋಯಿತು, ಕಂತು ಮಾತ್ರ ನಿಲ್ಲದು. “ನಾಳೆ ಬನ್ನಿ” ಎಂಬ ಎರಡೇ ಮಾತಿಗೆ ಎಷ್ಟು ತೂಕವೆಂಬುದನ್ನು ಒಂದೇ ಬಾರಿ ದಾಳ ಎಸೆದು ಮುಗಿಸುವವನು ಎಂದಿಗೂ ತಿಳಿಯಲಾರನು.

ಮೇಲಿನವರಿಗೆ ದೂರು ಕೊಡಬಾರದೆ ಎಂದರೆ, ಆ ಜಗತ್ತಿನಲ್ಲಿ ಹಡಗಿಗಿಂತ ವೇಗವಾಗಿ ಸುದ್ದಿ ಹೋಗುವಂತಿಲ್ಲ. ರಾಜಧಾನಿಯ ಉತ್ತರ ಬರುವಷ್ಟರಲ್ಲಿ ಸರಕು ಕೊಳೆತಿರುತ್ತದೆ. ಪ್ರತಿಯೊಂದು ಲೋಕದ ಆಳ್ವಿಕೆಗೂ ಆಟದಲ್ಲಿ ಒಂದು ಅಂಕಿಯುಂಟು: 8 ಎಂದರೆ ಬಲ್ಲವರೆಂದು ಆರಿಸಿಕೊಂಡ ನೌಕರರ ಆಡಳಿತ, 9 ಎಂದರೆ ಆಳಿಸಿಕೊಳ್ಳುವವರ ಕೂಗು ಮುಟ್ಟದಂತೆ ಗೋಡೆ ಕಟ್ಟಿಕೊಂಡ ಕಚೇರಿಗಳ ಆಡಳಿತ. ಎಂಟಕ್ಕೂ ಒಂಬತ್ತಕ್ಕೂ ನಡುವೆ ಒಂದೇ ಅಂಕಿ! ಗುಮಾಸ್ತನನ್ನು ಗುಂಡಿಟ್ಟು ಕೊಂದ ವೀರರು ಆ ಗೋಡೆಯ ಒಂದು ಇಟ್ಟಿಗೆಯನ್ನಾದರೂ ಕದಲಿಸಿದರೇ?

ಲಂಚ ಕೊಡುವುದನ್ನೂ ಈ ಆಟವು ಒಂದು ವಿದ್ಯೆಯಾಗಿ ಎಣಿಸುತ್ತದೆ, ಮನೆಯ ಮಕ್ಕಳಿಗೆ ಇದೆಂಥ ಪಾಠವೆಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ಆ ವಿದ್ಯೆಯನ್ನು ಪುಸ್ತಕದಿಂದ ಹೊಡೆದುಹಾಕಿದ ಮಾತ್ರಕ್ಕೆ ಲೋಕದಿಂದ ಹೊಡೆದುಹಾಕಿದಂತಾಗದು. ಸೂತ್ರಧಾರನು ಮಾಡಬೇಕಾದದ್ದು ಬೇರೆ. ಹಣ ಚೆಲ್ಲಿ ರಹದಾರಿ ಗಿಟ್ಟಿಸಿದವನು ನಗುತ್ತ ಹೊರಬರುವಾಗ, ಅದೇ ಬೆಂಚಿನ ಮೇಲೆ ಅವನಿಗಿಂತ ಮೂರು ದಿನ ಮೊದಲೇ ಬಂದು ಕುಳಿತಿರುವ ಇನ್ನೊಬ್ಬ ವರ್ತಕನು ಕಣ್ಣಿಗೆ ಬೀಳಲಿ. ಅವನ ಕೈಯಲ್ಲಿ ಅರ್ಜಿಯಿರಲಿ, ಹಣವಿಲ್ಲದಿರಲಿ. ಅವನು “ಸ್ವಾಮಿ, ತಮ್ಮದು ಆಯಿತೇ?” ಎಂದು ಕೇಳಲಿ. ಏನು ಉತ್ತರ ಕೊಡಬೇಕೆಂಬುದನ್ನು ಆಡುವವನೇ ಹೇಳಬೇಕು. ಅದಕ್ಕೆ ದಾಳವನ್ನು ಮುಟ್ಟಗೊಡಬಾರದು.