ಹೊಸ ವಿದ್ಯಾರ್ಥಿಯೂ ಹಳೆಯ ಆಟಗಳೂ

ಮಳೆಗಾಲವೂ ಶಾಲೆಯೂ ನಮ್ಮ ಸೀಮೆಯಲ್ಲಿ ಹೆಚ್ಚುಕಡಿಮೆ ಒಂದೇ ವಾರದಲ್ಲಿ ಆರಂಭವಾಗುವುವು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಗುಡ್ಡದ ಕಾಲುದಾರಿಗಳಲ್ಲಿಯೂ ತೋಟದ ಅಂಚುಗಳಲ್ಲಿಯೂ ತೋಡಿನ ಸಂಕಗಳ ಮೇಲೆಯೂ ಜೂನ್ ತಿಂಗಳ ಮೊದಲಲ್ಲಿ ಒಂದನೆಯ ತರಗತಿಯ ಮಕ್ಕಳು ಕಾಣಬರುವರು. ತನಗಿಂತ ದೊಡ್ಡ ಕೊಡೆಯನ್ನು ಹಿಡಿದು, ಹೊಸ ಚೀಲವನ್ನು ಬೆನ್ನಿಗೇರಿಸಿ, ತಾಯಿಯ ಸೆರಗನ್ನು ಬಿಡಲೊಲ್ಲದೆ ನಡೆಯುವ ಆ ಮಗುವನ್ನು ಕಂಡು ಮರುಗದವರಾರು?

ಸಂಜೆ ಆ ಮಗುವು ಮನೆ ಸೇರಿದೊಡನೆ ಹಿರಿಯರು ಕೇಳುವ ಪ್ರಶ್ನೆ ಒಂದೇ: “ಇವತ್ತು ಏನು ಬರೆದೆ?” ಮಗುವು “ಆಡಿದೆವು” ಎನ್ನುವುದು. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಎರಡು ವಾರ ಕಳೆಯುವಷ್ಟರಲ್ಲಿ ಗೃಹಸ್ಥರ ತಾಳ್ಮೆ ತೀರುವುದು. ಆಡುವುದಕ್ಕೆ ಶಾಲೆಯೇಕೆ, ಮನೆಯ ಅಂಗಳವೇ ಸಾಲದೆ ಎಂಬ ಮಾತು ಹುಟ್ಟುವುದು. ನೆರೆಮನೆಯ ಮಗುವು ಪೇಟೆಯ ಶಾಲೆಗೆ ವಾಹನದಲ್ಲಿ ಹೋಗಿ ಆಗಲೇ ಪುಟಗಟ್ಟಲೆ ಬರೆದು ತರುತ್ತಿದೆ ಎಂಬ ಸುದ್ದಿಯೂ ಕೂಡಿಕೊಂಡರೆ, ಊರ ಶಾಲೆಯ ಮೇಲಣ ವಿಶ್ವಾಸವೇ ಸಡಿಲುವುದು. ಈ ಸಂಶಯವು ಅನೇಕ ಮನೆಗಳಲ್ಲಿರುವುದರಿಂದ ಈ ತಿಂಗಳ ವಿಚಾರಕ್ಕೆ ಅದನ್ನೇ ಎತ್ತಿಕೊಂಡಿರುವೆನು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಮಕ್ಕಳನ್ನು ಮೊದಲ ವಾರಗಳಲ್ಲಿ ಆಡಿಸುವುದು ಉಪಾಧ್ಯಾಯರ ಸೋಮಾರಿತನವಲ್ಲ. ಅದು ಅವರಿಗೆ ವಿಧಿಸಿದ ಕಾರ್ಯ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿತು. ಆ ನೀತಿಗೆ ಒಂದು ವರ್ಷ ತುಂಬಿದ ದಿನ, 2021ರ ಜುಲೈ 29ರಂದು, ಒಂದನೆಯ ತರಗತಿಗೆ ಕಾಲಿಡುವ ಮಕ್ಕಳಿಗಾಗಿ ‘ವಿದ್ಯಾಪ್ರವೇಶ’ ಎಂಬ ಮೂರು ತಿಂಗಳ ಆಟದ ಪಾಠಕ್ರಮವು ಪ್ರಕಟವಾಯಿತು. ನಮ್ಮ ರಾಜ್ಯದ ಶಾಲೆಗಳಿಗೂ ಅದು ಬಂದಿತು. ಅದಕ್ಕಿಂತಲೂ ಬಹಳ ಮುಂಚೆ, 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ‘ನಲಿ-ಕಲಿ’ ಎಂಬ ಕ್ರಮವು ಆರಂಭವಾಗಿತ್ತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಉಪಾಧ್ಯಾಯರೇ ಅದನ್ನು ಬೆಳೆಸಿದರು. ಕಾಲಕ್ರಮದಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ಆದರೆ ಸರಕಾರದ ವಿಧಿ ಎಂದ ಮಾತ್ರಕ್ಕೆ ಒಪ್ಪಬೇಕೆಂದಿಲ್ಲ. ಕಾರಣವನ್ನು ವಿಚಾರಿಸಿಯೇ ಒಪ್ಪುವುದು ವಿವೇಕ. ಮೊದಲನೆಯ ಕಾರಣವು ಮಗುವಿನ ಕೈಯಲ್ಲಿಯೇ ಇದೆ. ಆರು ವರ್ಷದ ಶಿಶುವಿನ ಮಣಿಕಟ್ಟಿನ ಎಲುಬುಗಳು ಇನ್ನೂ ಪೂರ್ಣವಾಗಿ ಬಲಿತಿರುವುದಿಲ್ಲ. ಹೆಬ್ಬೆರಳೂ ತೋರುಬೆರಳೂ ಕೂಡಿ ಕೆಲಸಮಾಡುವ ಹದವು ಆಗತಾನೆ ಬರುತ್ತಿರುವುದು. ಆ ಕೈಗೆ ಒಮ್ಮೆಗೇ ಸೀಸದಕಡ್ಡಿಯನ್ನು ಕೊಟ್ಟು ನೂರು ಸಲ ಒಂದೇ ಅಕ್ಷರವನ್ನು ಬರೆಯಿಸಿದರೆ ಬೆರಳು ನೋಯುವುದು. ನೋವಿನೊಡನೆ ಅಕ್ಷರದ ಮೇಲೆಯೂ ಜುಗುಪ್ಸೆ ಹುಟ್ಟುವುದು. ಮಣ್ಣನ್ನು ಕಲಸಿ ಉಂಡೆಮಾಡುವುದು, ದಾರಕ್ಕೆ ಹೂ ಪೋಣಿಸುವುದು, ಕಾಳುಗಳನ್ನು ಬೇರೆ ಬೇರೆಯಾಗಿ ಆರಿಸಿಡುವುದು, ಮರಳಿನ ಮೇಲೆ ಬೆರಳಾಡಿಸುವುದು ಇವೆಲ್ಲ ಬರವಣಿಗೆಯ ಪೂರ್ವಸಿದ್ಧತೆಗಳು. ನಮ್ಮ ಹಿರಿಯರು ಅಕ್ಷರಾರಂಭವನ್ನು ಅಕ್ಕಿಯ ಮೇಲೆ ಮಾಡಿಸಿ, ಮುಂದೆ ಮರಳಿನ ಮೇಲೆ ತಿದ್ದಿಸಿ, ಬಹುಕಾಲದ ನಂತರವಷ್ಟೇ ಕಂಠವನ್ನು ಹಿಡಿಸಿ ಓಲೆಯ ಮೇಲೆ ಬರೆಯಿಸಿದುದರಲ್ಲಿಯೂ ಇದೇ ವಿವೇಕವಿತ್ತು.

ಎರಡನೆಯ ಕಾರಣವು ನಮ್ಮ ಮೂರು ತಾಲೂಕುಗಳಿಗೆ ವಿಶೇಷವಾದುದು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಶಾಲೆಯ ಭಾಷೆ ಕನ್ನಡ. ಮನೆಯ ಭಾಷೆಯೋ? ಬಹುಪಾಲು ಮನೆಗಳಲ್ಲಿ ತುಳು. ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ, ಹವ್ಯಕರ ಮನೆಗಳಲ್ಲಿ ಹವಿಗನ್ನಡ, ಮುಸಲ್ಮಾನ ಬಾಂಧವರಲ್ಲಿ ಅನೇಕರಿಗೆ ಬ್ಯಾರಿ, ಕಡಬದ ಸುತ್ತುಮುತ್ತ ಬಂದು ನೆಲೆಸಿದ ಅನೇಕರಿಗೆ ಮಲೆಯಾಳ, ಇನ್ನು ಕೆಲವರಿಗೆ ಕೊಂಕಣಿ, ಮರಾಠಿ. ಸಿಲೋನಿನೊಡನೆ 1964ರಲ್ಲಿ ಆದ ಒಪ್ಪಂದದ ತರುವಾಯ ಬಂದು ರಬ್ಬರು ತೋಟಗಳಲ್ಲಿ ನೆಲೆಗೊಂಡ ಕುಟುಂಬಗಳಿಗೆ ತಮಿಳು. ಹೀಗೆ ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಕುಳಿತರೆ ನಾಲ್ಕೈದು ಮಾತೃಭಾಷೆಗಳು ಕುಳಿತಂತಾಯಿತು.

‘ಒಂಜಿ, ರಡ್ಡ್, ಮೂಜಿ’ ಎಂದು ಮನೆಯಲ್ಲಿ ತೆಂಗಿನಕಾಯಿಗಳನ್ನು ತಪ್ಪಿಲ್ಲದೆ ಎಣಿಸುವ ಹುಡುಗನು, ‘ಒಂದು, ಎರಡು, ಮೂರು’ ಎಂದು ಕೇಳಿದಾಗ ಬಾಯಿ ಕಟ್ಟಿ ನಿಲ್ಲುವನು. ಅವನಿಗೆ ಎಣಿಕೆ ಬಾರದೆಂದಲ್ಲ. ಎಣಿಕೆಯ ಹೊಸ ಹೆಸರು ಬಾರದು. ತುಳುವಿನಲ್ಲಿ ‘ಬಲೆ’ ಎಂದರೆ ‘ಬನ್ನಿರಿ’. ಕನ್ನಡದ ಪುಸ್ತಕದಲ್ಲಿ ಅದು ಮೀನು ಹಿಡಿಯುವ ಸಾಧನ. ಇಂತಹ ಸಂದಿಗ್ಧದಲ್ಲಿ ಸಿಕ್ಕಿದ ಮಗುವನ್ನು ಹಲಗೆಯ ಮುಂದೆ ನಿಲ್ಲಿಸಿ ಪ್ರಶ್ನಿಸಿದರೆ ಅದು ಮೌನವನ್ನೇ ಶರಣು ಹೋಗುವುದು. ಆ ಮೌನವನ್ನು ಮಂದಬುದ್ಧಿಯೆಂದು ಬಗೆಯುವುದು ಶಾಲೆಯಲ್ಲಿ ಮಗುವಿಗೆ ಆಗಬಹುದಾದ ಮೊದಲನೆಯ ಅನ್ಯಾಯ. ಅದರ ಗಾಯವು ಬಹುಕಾಲ ಉಳಿಯುವುದು.

ಆಟಕ್ಕೆ ಈ ತೊಡಕಿಲ್ಲ. ಬುಟ್ಟಿಯ ‘ಒಳಗೆ’ ಹಾರು, ‘ಹೊರಗೆ’ ಹಾರು ಎಂಬ ಆಟವನ್ನು ತೆಗೆದುಕೊಳ್ಳಿರಿ. ನೆಲದ ಮೇಲೊಂದು ವೃತ್ತ. ಉಪಾಧ್ಯಾಯರು ಶಬ್ದವನ್ನು ಹೇಳುತ್ತ ತಾವೂ ಹಾರುವರು. ಮನೆಯಲ್ಲಿ ‘ಉಲಾಯಿ, ಪಿದಾಯಿ’ ಎನ್ನುವ ಮಗುವು ಮೊದಲು ನೆರೆಯವನನ್ನು ನೋಡಿ ಹಾರುವುದು. ನಾಲ್ಕನೆಯ ಸಲ ಶಬ್ದವನ್ನು ಕೇಳಿಯೇ ಹಾರುವುದು. ಹತ್ತನೆಯ ಸಲ ತಾನೇ ಶಬ್ದವನ್ನು ಕೂಗುವುದು. ಭಾಷಾಂತರವಿಲ್ಲದೆ, ಬೆದರಿಕೆಯಿಲ್ಲದೆ, ಎರಡು ಕನ್ನಡ ಶಬ್ದಗಳು ಕಾಲಿನ ಮೂಲಕ ಬಾಯಿಗೆ ಬಂದುವು. ಮೂವತ್ತು ವರ್ಷಗಳಿಗೆ ಮಿಕ್ಕಿದ ನನ್ನ ಉಪಾಧ್ಯಾಯವೃತ್ತಿಯಲ್ಲಿ ರಬ್ಬರು ತೋಟದ ತಮಿಳು ಮನೆಯಿಂದ ಬಂದ ಒಬ್ಬ ಹುಡುಗಿಯ ನೆನಪು ಮಾಸದೆ ಉಳಿದಿರುವುದು. ಎರಡು ವಾರ ಅವಳು ತುಟಿ ಬಿಚ್ಚಲಿಲ್ಲ. ಮೂರನೆಯ ವಾರ, ಮಳೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ, ಜಗಲಿಯಲ್ಲಿ ಕಲ್ಲಾಟ ನಡೆದಿದ್ದಾಗ ಜೊತೆಗಾತಿಯು ಮೋಸದಿಂದ ಒಂದು ಕಲ್ಲನ್ನು ಮರೆಸಲು, “ಐದು! ಐದು!” ಎಂದು ಅವಳು ಕೂಗಿಬಿಟ್ಟಳು. ನ್ಯಾಯಕ್ಕಾಗಿ ಕೂಗಿದ ಆ ಶಬ್ದವೇ ಅವಳ ಮೊದಲನೆಯ ಕನ್ನಡ. ಆ ದಿನದಿಂದ ಅವಳ ಮಾತು ನಿಲ್ಲಲಿಲ್ಲ.

ಇನ್ನು ಅಕ್ಷರಗಳ ಮಾತು. ‘ಅ ಆ ಇ ಈ’ ಹೇಳು ಎಂದು ಅಜ್ಜನು ಕೇಳಿದರೆ ನಲಿ-ಕಲಿಯ ಮೊಮ್ಮಗನು ‘ರ ಗ ಸ ದ ಅ’ ಎಂದು ಆರಂಭಿಸುವನು. ಅಜ್ಜನಿಗೆ ಎದೆ ಹಾರುವುದು ಸಹಜ. ಆದರೆ ವಿಚಾರಿಸಿ ನೋಡಿರಿ: ಈ ಐದೇ ಅಕ್ಷರಗಳಿಂದ ಸರ, ರಸ, ಅರಸ, ಅಗಸ, ಗರಗಸ ಎಂಬ ಶಬ್ದಗಳು ಆಗಲೇ ಕೈಗೆ ದೊರೆಯುವುವು, ದೀರ್ಘವಾಗಲಿ ಒತ್ತಕ್ಷರವಾಗಲಿ ಬೇಕಿಲ್ಲ. ಅಕ್ಷರಗಳ ತುಂಡುಗಳನ್ನು ಚೀಟಿಯಾಟದಂತೆ ಜೋಡಿಸಿ ಶಬ್ದವನ್ನು ಕಟ್ಟಿದ ಮಗುವಿಗೆ, ಓದುವುದೆಂದರೆ ಅರ್ಥವನ್ನು ಹಿಡಿಯುವುದು ಎಂಬ ಗುಟ್ಟು ಮೊದಲ ತಿಂಗಳಿನಲ್ಲಿಯೇ ತಿಳಿಯುವುದು. ವರ್ಣಮಾಲೆಯ ಕ್ರಮವನ್ನು ಬಿಟ್ಟುದು ಅಪಚಾರವೆಂದು ಸಂಸ್ಕೃತಾಭಿಮಾನಿಗಳು ಶಂಕಿಸಬೇಕಾಗಿಲ್ಲ. ಪಾಣಿನೀಯ ವ್ಯಾಕರಣದ ಆರಂಭದಲ್ಲಿರುವ 14 ಸೂತ್ರಗಳಲ್ಲಿಯೂ ವರ್ಣಗಳು ನಾವು ಬಾಯಿಪಾಠ ಮಾಡಿದ ಕ್ರಮದಲ್ಲಿಲ್ಲ. ಹಕಾರವಂತೂ ಎರಡು ಕಡೆ ಬಂದಿದೆ. ಪ್ರಯೋಜನಕ್ಕೆ ತಕ್ಕ ಕ್ರಮವೆಂಬುದು ನಮ್ಮ ಶಾಸ್ತ್ರಕಾರರಿಗೆ ಸಮ್ಮತವಾದ ಮಾತು. ವರ್ಣಮಾಲೆಯ ಕ್ರಮವನ್ನು ಮಗುವು ಮುಂದೆ ಕಲಿಯುವುದು. ಅಷ್ಟರಲ್ಲಿ ಅದಕ್ಕೆ ಆ ಅಕ್ಷರಗಳೆಲ್ಲ ಪರಿಚಿತರಾದ ಗೆಳೆಯರಾಗಿರುವುವು.

ಇದೆಲ್ಲ ಪರದೇಶದ ಬೆಡಗು ಎನ್ನುವವರೂ ಉಂಟು. ಜರ್ಮನಿಯ ಫ್ರೋಬೆಲನು 1837ರಲ್ಲಿ ಆಟದ ಶಾಲೆಯನ್ನು ತೆರೆದುದೂ, ಮರಿಯಾ ಮೊಂಟೆಸರಿಯವರು 1907ರಲ್ಲಿ ರೋಮಿನಲ್ಲಿ ಶಿಶುಗೃಹವನ್ನು ಆರಂಭಿಸಿದುದೂ ನಿಜ. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಆಗ ನಮ್ಮ ಪುತ್ತೂರೂ ಮದರಾಸು ಪ್ರಾಂತಕ್ಕೇ ಸೇರಿತ್ತು. ಆದರೆ ರಾಜಪುತ್ರರಿಗೆ ಕಥೆಯ ಮೂಲಕ ನೀತಿಯನ್ನು ಕಲಿಸಿದ ವಿಷ್ಣುಶರ್ಮನ ಕೃತಿ ನಮ್ಮದಲ್ಲವೆ? ಭಾಸ್ಕರಾಚಾರ್ಯನು 1150ರಲ್ಲಿ ರಚಿಸಿದ ಗಣಿತಗ್ರಂಥದ ಹೆಸರೇ ‘ಲೀಲಾವತಿ’. ದುಂಬಿಯನ್ನೂ ನವಿಲನ್ನೂ ತಂದು ಲೆಕ್ಕವನ್ನು ಹೂಡಿದ ಆ ಪಂಡಿತನಿಗೆ ವಿನೋದವು ವಿದ್ಯೆಯ ಶತ್ರುವೆನಿಸಲಿಲ್ಲ. ನಮ್ಮ ಜಿಲ್ಲೆಯ ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರರಾಗಿದ್ದೂ ಮಕ್ಕಳಿಗಾಗಿ ಹಾಡುಗಳನ್ನೂ ಕಥೆಗಳನ್ನೂ ಬರೆದರು. ಪುತ್ತೂರಿನ ಬಾಲವನದಲ್ಲಿ ಬಹುಕಾಲ ನೆಲೆಸಿದ ಶಿವರಾಮ ಕಾರಂತರು ಅಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿ, 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದರು. ಮನೆಯ ಬಾಗಿಲಲ್ಲಿಯೇ ಇಂತಹ ಪರಂಪರೆಯಿರುವಾಗ, ಆಟದ ಪಾಠವನ್ನು ಹೊರಗಿನದೆಂದು ದೂರಮಾಡುವುದು ಸರಿಯಲ್ಲ.

ಪರಂಪರೆಯ ಮಾತು ಬಂದುದರಿಂದ ಚೆನ್ನೆಮಣೆಯನ್ನು ನೆನೆಯದಿರಲಾಗದು. ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಆ ಮರದ ಮಣೆಗೆ ಏಳೇಳು ಗುಳಿಗಳ ಎರಡು ಸಾಲು. ಗುಳಿಗೆ ನಾಲ್ಕರಂತೆ 56 ಕಾಳುಗಳು, ಮಂಜೊಟ್ಟಿಯ ಕೆಂಪು ಬೀಜಗಳು. ಹೊರಗೆ ಕಾಲಿಡಲಾಗದ ಆಟಿಯ ಮಳೆಯಲ್ಲಿ ಆಡುವ ಈ ಆಟವು ಹೊಸ ವಿದ್ಯಾರ್ಥಿಗೆ ಉತ್ತಮ ಗಣಿತೋಪಾಧ್ಯಾಯ. ಬಾಯಿಪಾಠದಿಂದ ಎಣಿಸುವ ಮಗುವಿನ ಬಾಯಿ ಹತ್ತಕ್ಕೆ ತಲಪಿದಾಗ ಬೆರಳು ಏಳರಲ್ಲಿಯೇ ಇರುವುದನ್ನು ಎಲ್ಲರೂ ಕಂಡಿರಬಹುದು. ಗುಳಿಗೊಂದರಂತೆ ಕಾಳನ್ನು ಬಿತ್ತುವಾಗಲಾದರೋ ಒಂದು ಕಾಳಿಗೆ ಒಂದೇ ಶಬ್ದ. ಬಾಯಿಯೂ ಕೈಯೂ ಜೊತೆಯಾಗಿ ನಡೆಯಲೇಬೇಕು. ಕಾಳುಗಳನ್ನೆತ್ತಿದ ಗುಳಿಯು ಬರಿದಾಗಿ ಶೂನ್ಯವೆಂದರೇನೆಂಬುದನ್ನು ತೋರಿಸುವುದು. ಕೊನೆಯ ಕಾಳು ಎಲ್ಲಿ ಬಿದ್ದೀತೆಂದು ಮೊದಲೇ ಊಹಿಸುವುದು ಸಂಕಲನದ ಬೀಜ. ಇವೆಲ್ಲಕ್ಕಿಂತ ಮಿಗಿಲಾದುದೆಂದರೆ, ತನ್ನ ಸರದಿಗೆ ಕಾಯುವುದನ್ನೂ ಸೋತರೆ ಅಳದಿರುವುದನ್ನೂ ಮಗುವು ಕಲಿಯುವುದು. ಮಣೆಯಿಲ್ಲದವರು ನೆಲದ ಮೇಲೆ ಬಳಪದಿಂದ ವೃತ್ತಗಳನ್ನು ಬರೆದು ಹುಣಿಸೆಬೀಜಗಳಿಂದ ಆಡಿಸಬಹುದು, ಖರ್ಚು ಕಾಸಿಲ್ಲ.

ಹೀಗೆಂದು ಎಲ್ಲ ಆಟವೂ ಪಾಠವಲ್ಲ. ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಉಪಾಧ್ಯಾಯರು ದಾಖಲೆ ಬರೆಯುತ್ತ ಕುಳಿತರೆ ಅದು ಬಿಡುವೇ ಹೊರತು ಶಿಕ್ಷಣವಲ್ಲ. ಇಂದಿನ ಆಟದಿಂದ ಯಾವ ಶಬ್ದ, ಯಾವ ಸಂಖ್ಯೆ, ಯಾವ ನಡತೆ ಬಂದೀತೆಂಬ ಗುರಿಯು ಉಪಾಧ್ಯಾಯರ ಮನಸ್ಸಿನಲ್ಲಿರಬೇಕು. ಮಗುವಿಗೆ ಅದು ತಿಳಿಯಬೇಕಾಗಿಲ್ಲ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿರುವ ನಮ್ಮ ಹಳ್ಳಿಯ ಶಾಲೆಗಳಲ್ಲಿ ಇದು ಸುಲಭದ ಕೆಲಸವಲ್ಲವೆಂಬುದನ್ನು ಗೃಹಸ್ಥರು ನೆನಪಿನಲ್ಲಿಡಬೇಕು. ಮೊಬೈಲಿನ ಗಾಜಿನ ಮೇಲೆ ಬೆರಳಾಡಿಸುವುದನ್ನು ಆಟವೆಂದು ತಿಳಿಯುವವರಿಗೂ ಒಂದು ಮಾತು: ಅಲ್ಲಿ ಕೈಗೆ ಭಾರವಿಲ್ಲ, ಎದುರಿಗೆ ಗೆಳೆಯನಿಲ್ಲ, ಕಾಯುವ ಸರದಿಯಿಲ್ಲ.

ಕೊನೆಯದಾಗಿ, ಮನೆಯವರು ಮಾಡಬೇಕಾದುದೇನು? “ಏನು ಬರೆದೆ?” ಎಂಬುದರ ಬದಲು “ಯಾವ ಆಟ ಆಡಿದಿರಿ, ನನಗೂ ಕಲಿಸು” ಎಂದು ಕೇಳಿರಿ. ಕಲಿತುದನ್ನು ಇನ್ನೊಬ್ಬರಿಗೆ ಕಲಿಸುವಾಗ ಮಗುವಿನಲ್ಲಿ ಅದು ಎರಡು ಪಾಲು ಗಟ್ಟಿಯಾಗುವುದು. ಮನೆಯ ಭಾಷೆಯನ್ನು ಬಿಡಿಸಬೇಡಿರಿ. ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಚೆನ್ನಾಗಿ ಕಥೆ ಹೇಳಬಲ್ಲ ಮಗುವು ಕನ್ನಡದಲ್ಲಿಯೂ ಬೇಗನೆ ಹೇಳುವುದು. “ತಂಟೆ ಮಾಡಿದರೆ ಮಾಷ್ಟ್ರಿಗೆ ಹೇಳಿ ಹೊಡೆಸುವೆನು” ಎಂದು ಹೆದರಿಸಬೇಡಿರಿ; 2009ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನು ನಿಷೇಧಿಸಿರುವಾಗ, ಮನೆಯವರೇ ಆ ಭಯವನ್ನು ಬಿತ್ತುವುದು ಯೋಗ್ಯವಲ್ಲ. ರಾತ್ರಿ ಬೇಗನೆ ಮಲಗಿಸಿರಿ. ಒದ್ದೆ ಬಟ್ಟೆಯಲ್ಲಿ ಕುಳಿತ ಮಗುವಿಗೆ ಆಟವೂ ಬೇಡ, ಪಾಠವೂ ಬೇಡವಾಗುವುದರಿಂದ ಚೀಲದಲ್ಲಿ ಒಂದು ಒಣಗಿದ ಅಂಗಿಯನ್ನಿಡಿರಿ. ಮೂರು ತಿಂಗಳು ಕಳೆದರೂ ಮಗುವು ಗೆಳೆಯರೊಡನೆ ಸೇರದೆ, ಕರೆದರೆ ತಿರುಗದೆ, ಚಿತ್ರಗಳನ್ನು ಕಣ್ಣ ಹತ್ತಿರವೇ ಹಿಡಿಯುತ್ತಿದ್ದರೆ, ಗದರಿಸದೆ ಕಿವಿಯನ್ನೂ ಕಣ್ಣನ್ನೂ ವೈದ್ಯರಿಗೆ ತೋರಿಸಿರಿ. ಆಟದಲ್ಲಿ ಇಂತಹ ಕೊರತೆಗಳು ಪುಸ್ತಕದ ಮುಂದಿನದಕ್ಕಿಂತ ಬೇಗನೆ ಕಣ್ಣಿಗೆ ಬೀಳುವುವು.

ಅಸಹನೆಯಿಂದ ಒಂದೊಂದೇ ಮನೆಯವರು ಮಕ್ಕಳನ್ನು ಬಿಡಿಸಿಕೊಂಡು ಹೋದರೆ ಹಳ್ಳಿಯ ಶಾಲೆಗೆ ಉಳಿಯುವುದು ಬರಿಯ ಗೋಡೆ. ಬೇರೆಡೆಗೆ ಕಳುಹಿಸುವ ಶಕ್ತಿಯಿಲ್ಲದ ಮನೆಯ ಮಗುವಿಗೆ ಆ ಗೋಡೆಯೂ ಕೊನೆಗೆ ದಕ್ಕದು. ಮೂರು ತಿಂಗಳ ತಾಳ್ಮೆಯು ದೊಡ್ಡ ತ್ಯಾಗವೇನೂ ಅಲ್ಲ. ಅಡಿಕೆಯ ಸಸಿಯನ್ನು ನೆಟ್ಟು ಫಲಕ್ಕಾಗಿ ವರ್ಷಗಟ್ಟಲೆ ಕಾಯಬಲ್ಲ ನಮ್ಮ ಕೃಷಿಕರಿಗೆ ಇದನ್ನು ಬೇರೆ ಹೇಳಬೇಕೆ? ದಸರಾ ರಜೆಯ ಹೊತ್ತಿಗೆ ಮಗುವು ಶಾಲೆಯನ್ನು ಪ್ರೀತಿಸಿದರೆ ಅಕ್ಷರಗಳು ಹಿಂದೆಯೇ ಬರುವುವು. ಅಕ್ಷರವು ಮೊದಲು ಬಂದು ಪ್ರೀತಿಯು ಹಾರಿಹೋದರೆ, ಅದನ್ನು ಮರಳಿ ಕರೆಯುವುದು ಬಹು ಕಷ್ಟ.

ಮುಂದಿನ ತಿಂಗಳು, ಮನೆಯಲ್ಲಿ ಕಥೆ ಹೇಳುವ ಕ್ರಮವನ್ನು ಕುರಿತು ವಿಚಾರಿಸೋಣ.